ಪ್ರಾಸ್ಟೇಟ್ ಕ್ಯಾನ್ಸರಿನ ಜೀನ್ ವರದಿಯನ್ನು ಓದುವ ಬಗೆ

ಪ್ರಾಸ್ಟೇಟ್ ಕ್ಯಾನ್ಸರ್ ಒಬ್ಬ ಗಂಡಸಿನಲ್ಲಿ ಹತ್ತು ಹದಿನೈದು ವರ್ಷ ಯಾವ ಚಿಕಿತ್ಸೆಯನ್ನೂ ಬೇಡದೆ ಗ್ರಂಥಿಯೊಳಗೇ ಉಳಿಯಬಹುದು. ಮತ್ತೊಬ್ಬನಲ್ಲಿ ಎರಡು ಮೂರು ವರ್ಷಗಳಲ್ಲೇ ಬೆನ್ನುಮೂಳೆಯನ್ನು ತಲುಪಬಹುದು. ಈ ವೇಗವನ್ನು ಅಂದಾಜು ಮಾಡಲು ವೈದ್ಯರು ಬಹುಕಾಲದಿಂದ ಪ್ರಾಸ್ಟೇಟ್ ತಯಾರಿಸುವ ಪಿಎಸ್‌ಎ ಎಂಬ ಪ್ರೋಟೀನಿನ ರಕ್ತದಲ್ಲಿನ ಮಟ್ಟವನ್ನೂ, ಬಯಾಪ್ಸಿಯ ಕೋಶಗಳು ಸೂಕ್ಷ್ಮದರ್ಶಕದಲ್ಲಿ ಎಷ್ಟು ಅಸಹಜವಾಗಿ ಕಾಣುತ್ತವೆ ಎಂಬುದನ್ನು ಹೇಳುವ ಗ್ಲೀಸನ್ ಅಂಕವನ್ನೂ, ಸ್ಕ್ಯಾನಿನಲ್ಲಿ ಕಾಣುವ ಹರಡುವಿಕೆಯನ್ನೂ ನೋಡುತ್ತ ಬಂದಿದ್ದಾರೆ. ಈಚಿನ ವರ್ಷಗಳಲ್ಲಿ ಇವುಗಳ ಜೊತೆಗೆ ಜೀನ್ ಪರೀಕ್ಷೆಯೂ ಸೇರಿಕೊಂಡಿದೆ. ಅದರ ವರದಿ ಹಲವು ಪುಟಗಳಷ್ಟು ಉದ್ದವಿದ್ದು, ಅಕ್ಷರ ಮತ್ತು ಅಂಕಿಗಳ ಸಂಕೇತಗಳಿಂದ ತುಂಬಿರುವುದರಿಂದ ರೋಗಿಯ ಮನೆಯವರು ಸಾಮಾನ್ಯವಾಗಿ ಮೊದಲ ಪುಟದ ‘ಪಾಸಿಟಿವ್’ ಅಥವಾ ‘ನೆಗೆಟಿವ್’ ಎಂಬ ಒಂದು ಪದವನ್ನಷ್ಟೇ ಓದಿ ಮಡಚಿಡುತ್ತಾರೆ. ಆ ಒಂದು ಪದ ಸಾಲದು. ಆ ವರದಿಯನ್ನು ಹೇಗೆ ಓದಬೇಕು, ಪರೀಕ್ಷೆಗೆ ಮೊದಲು ಏನು ಸಿದ್ಧಪಡಿಸಿಕೊಳ್ಳಬೇಕು, ವೈದ್ಯರನ್ನು ಏನು ಕೇಳಬೇಕು ಎಂಬುದನ್ನು ಮುಂದೆ ವಿವರಿಸಲಾಗಿದೆ. ಚಿಕಿತ್ಸೆಯ ನಿರ್ಧಾರ ಮಾತ್ರ ನಿಮ್ಮ ಕ್ಯಾನ್ಸರ್ ತಜ್ಞರದ್ದೇ.

ಎರಡು ಪ್ರಶ್ನೆಗಳನ್ನು ಬೇರ್ಪಡಿಸಿ

ವರದಿಯಲ್ಲಿ ಕಾಣುವ ಪ್ರತಿಯೊಂದು ವಂಶವಾಹಿ ವ್ಯತ್ಯಾಸಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದು ಹುಟ್ಟಿನಿಂದ ಬಂದದ್ದೋ, ಗಡ್ಡೆಯಲ್ಲಿ ಆಮೇಲೆ ಉಂಟಾದದ್ದೋ? ತಂದೆ ಅಥವಾ ತಾಯಿಯಿಂದ ಬಂದ ವ್ಯತ್ಯಾಸ ದೇಹದ ಎಲ್ಲ ಜೀವಕೋಶಗಳಲ್ಲೂ ಇರುತ್ತದೆ. ಅದನ್ನು ಜರ್ಮ್‌ಲೈನ್ ವ್ಯತ್ಯಾಸ ಎನ್ನುತ್ತಾರೆ. ಪ್ರಾಸ್ಟೇಟಿನ ಒಂದು ಕೋಶದಲ್ಲಿ ಬದುಕಿನ ನಡುವೆ ಉಂಟಾಗಿ, ಆ ಕೋಶದ ಸಂತತಿಯಲ್ಲಿ ಮಾತ್ರ ಉಳಿಯುವ ಬದಲಾವಣೆಯನ್ನು ಸೊಮ್ಯಾಟಿಕ್ ಎನ್ನುತ್ತಾರೆ. ಎರಡೂ ರೋಗದ ವೇಗವನ್ನು ಬದಲಿಸಬಲ್ಲವು, ಎರಡೂ ಔಷಧದ ಆಯ್ಕೆಯನ್ನು ತೀರ್ಮಾನಿಸಬಲ್ಲವು. ಆದರೆ ಮಕ್ಕಳಿಗೂ ಒಡಹುಟ್ಟಿದವರಿಗೂ ಸಂಬಂಧಪಡುವುದು ಮೊದಲನೆಯದು ಮಾತ್ರ. ಈ ಎರಡನ್ನು ಬೆರೆಸಿಕೊಂಡರೆ ಒಂದೋ ಮನೆಮಂದಿಯೆಲ್ಲ ಅನಗತ್ಯವಾಗಿ ಭಯಪಡುತ್ತಾರೆ, ಇಲ್ಲವೇ ಎಚ್ಚರದಿಂದಿರಬೇಕಾದ ಮಗಳು ಏನೂ ತಿಳಿಯದೆ ಉಳಿಯುತ್ತಾಳೆ.

ಈ ರೋಗದಲ್ಲಿ ಆನುವಂಶಿಕತೆಯ ಪಾಲು ಜನ ಅಂದುಕೊಂಡಿರುವುದಕ್ಕಿಂತ ದೊಡ್ಡದು. ನಾರ್ಡಿಕ್ ದೇಶಗಳ ಅವಳಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು, ಪ್ರಾಸ್ಟೇಟ್ ಕ್ಯಾನ್ಸರ್ ಬರುವ ಸಾಧ್ಯತೆಯಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಇರುವ ವ್ಯತ್ಯಾಸದ ಸುಮಾರು 57% ಭಾಗವನ್ನು ಆನುವಂಶಿಕ ಅಂಶಗಳು ವಿವರಿಸುತ್ತವೆ ಎಂದು ಲೆಕ್ಕ ಹಾಕಿತು. ಆದರೆ ಇದು ರೋಗ ಬರುವುದರ ಮಾತು. ಬಂದ ರೋಗ ಎಷ್ಟು ಬೇಗ ಮುಂದುವರಿಯುತ್ತದೆ ಎಂಬುದು ಬೇರೆಯೇ ಪ್ರಶ್ನೆ, ಮತ್ತು ಅದಕ್ಕೆ ಉತ್ತರ ಹೇಳಬಲ್ಲ ಜೀನ್‌ಗಳು ಬಹಳ ಕಡಿಮೆ.

ಯಾರು ಪರೀಕ್ಷೆ ಮಾಡಿಸಿಕೊಳ್ಳಬೇಕು

ರೋಗ ಗ್ರಂಥಿಯ ಹೊರಗೆ ಹರಡಿದ್ದರೆ ಅಷ್ಟೇ ಕಾರಣ ಸಾಕು. ಮನೆತನದಲ್ಲಿ ಬೇರೆ ಯಾರಿಗೂ ಕ್ಯಾನ್ಸರ್ ಇಲ್ಲ ಎಂದು ಪರೀಕ್ಷೆಯನ್ನು ಕೈಬಿಡಬೇಡಿ. 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದ 692 ಗಂಡಸರನ್ನು ಪರೀಕ್ಷಿಸಿದಾಗ 11.8% ಮಂದಿಯಲ್ಲಿ ಡಿಎನ್‌ಎ ದುರಸ್ತಿ ಮಾಡುವ ಜೀನ್‌ಗಳಲ್ಲಿ ಹುಟ್ಟಿನಿಂದ ಬಂದ ದೋಷ ಕಂಡಿತು. ಗ್ರಂಥಿಯೊಳಗೇ ಉಳಿದಿದ್ದ ರೋಗದಲ್ಲಿ ಈ ಪ್ರಮಾಣ 4.6% ಮಾತ್ರ. ಹರಡಿದ ರೋಗದಲ್ಲಿ ದೋಷ ಸಿಗುವ ಪ್ರಮಾಣ ಕೌಟುಂಬಿಕ ಇತಿಹಾಸವನ್ನಾಗಲಿ ರೋಗ ಪತ್ತೆಯಾದ ವಯಸ್ಸನ್ನಾಗಲಿ ಹೆಚ್ಚೇನೂ ಅವಲಂಬಿಸಿರಲಿಲ್ಲ ಎಂಬುದು ಆ ಅಧ್ಯಯನದ ನಿಜವಾದ ಪಾಠ.

ರೋಗ ಇನ್ನೂ ಹರಡಿಲ್ಲದವರಲ್ಲಿ ಗ್ಲೀಸನ್ ಅಂಕ 8 ಅಥವಾ ಹೆಚ್ಚಿದ್ದರೆ, ಇಲ್ಲವೇ ಹತ್ತಿರದ ಸಂಬಂಧಿಕರಲ್ಲಿ ಸ್ತನ, ಅಂಡಾಶಯ, ಮೇದೋಜೀರಕ ಗ್ರಂಥಿ ಅಥವಾ ದೊಡ್ಡ ಕರುಳಿನ ಕ್ಯಾನ್ಸರ್ ಇದ್ದರೆ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಬೇಕು. ಇದಕ್ಕಾಗಿ ಆಸ್ಪತ್ರೆಗೆ ಹೋಗುವ ಮೊದಲೇ ಮೂರು ತಲೆಮಾರಿನ ವಂಶವೃಕ್ಷವನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ನಮ್ಮಲ್ಲಿ ವಂಶವೆಂದರೆ ತಂದೆಯ ಕಡೆಯದೇ ಎಂಬ ರೂಢಿ ಇರುವುದರಿಂದ ತಾಯಿಯ ತವರಿನವರ ವಿವರ ಬಿಟ್ಟುಹೋಗುವುದು ಸಾಮಾನ್ಯ. ಪ್ರಾಸ್ಟೇಟ್ ಗಂಡಸರಿಗಷ್ಟೇ ಇರುವ ಅಂಗವಾದರೂ ಅದಕ್ಕೆ ಸಂಬಂಧಿಸಿದ ದೋಷಯುಕ್ತ ಜೀನ್ ತಾಯಿಯಿಂದಲೂ ಬರಬಹುದು. ಅಜ್ಜಿ ‘ಹೊಟ್ಟೆಯಲ್ಲಿ ಗಡ್ಡೆಯಾಗಿ’ ತೀರಿಕೊಂಡರು ಎಂಬ ಹಳೆಯ ಮಾತಿನ ಹಿಂದೆ ಅಂಡಾಶಯದ ಕ್ಯಾನ್ಸರ್ ಇದ್ದಿರಬಹುದು. ಚಿಕ್ಕಮ್ಮ, ದೊಡ್ಡಮ್ಮ, ಸೋದರಮಾವ, ಸೋದರತ್ತೆ ಎಲ್ಲರನ್ನೂ ಸೇರಿಸಿ, ರೋಗ ಕಂಡ ವಯಸ್ಸನ್ನು ಅಂದಾಜಿನಲ್ಲಾದರೂ ಬರೆಯಿರಿ.

ಯಾವ ಮಾದರಿ, ಯಾವಾಗ ತೆಗೆದದ್ದು

ವರದಿಯ ಮೊದಲ ಪುಟದಲ್ಲಿ ಮಾದರಿಯ ಬಗೆಯನ್ನು ನಮೂದಿಸಿರುತ್ತಾರೆ. ಎಷ್ಟೋ ಗೊಂದಲಗಳ ಮೂಲ ಈ ಒಂದು ಸಾಲನ್ನು ಓದದೆ ಬಿಡುವುದರಲ್ಲಿದೆ. ರಕ್ತದ ಬಿಳಿ ಕಣಗಳಿಂದ ಅಥವಾ ಜೊಲ್ಲಿನಿಂದ ತೆಗೆದ ಡಿಎನ್‌ಎ ಮುಖ್ಯವಾಗಿ ಹುಟ್ಟಿನಿಂದ ಬಂದದ್ದನ್ನು ತೋರಿಸುತ್ತದೆ. ಬಯಾಪ್ಸಿಯ ತುಣುಕಿನಿಂದ ತೆಗೆದದ್ದು ಗಡ್ಡೆಯ ಬದಲಾವಣೆಗಳನ್ನೂ ಹುಟ್ಟಿನಿಂದ ಬಂದವನ್ನೂ ಒಟ್ಟಿಗೆ ತೋರಿಸುತ್ತದೆ. ಯಾವುದು ಯಾವುದೆಂದು ಅದೊಂದರಿಂದಲೇ ಖಚಿತವಾಗಿ ಹೇಳಲಾಗದು. ಮೂರನೆಯದು ರಕ್ತದ ಪ್ಲಾಸ್ಮಾದಲ್ಲಿ ತೇಲುವ ಡಿಎನ್‌ಎ ತುಣುಕುಗಳ ಪರೀಕ್ಷೆ; ಇದನ್ನು ಲಿಕ್ವಿಡ್ ಬಯಾಪ್ಸಿ ಎಂದು ಕರೆಯುತ್ತಾರೆ. ‘ರಕ್ತದ ಜೀನ್ ಪರೀಕ್ಷೆ ಆಗಿದೆ’ ಎಂದು ಹೇಳುವಾಗ ಮೊದಲನೆಯದೋ ಮೂರನೆಯದೋ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಿ. ಎರಡಕ್ಕೂ ತೋಳಿನಿಂದಲೇ ರಕ್ತ ತೆಗೆದರೂ ಅವು ಉತ್ತರಿಸುವ ಪ್ರಶ್ನೆಗಳು ಬೇರೆ ಬೇರೆ.

ಬಯಾಪ್ಸಿಯ ತುಣುಕನ್ನು ಮೇಣದಲ್ಲಿ ಹುದುಗಿಸಿ ಬ್ಲಾಕ್ ರೂಪದಲ್ಲಿ ಇಡುತ್ತಾರೆ. ಆ ಬ್ಲಾಕನ್ನು ಪೆಥಾಲಜಿ ವಿಭಾಗದಿಂದ ಪಡೆದು ಪರೀಕ್ಷೆಗೆ ಕಳುಹಿಸಬಹುದು. ಆದರೆ ಪ್ರಾಸ್ಟೇಟಿನ ಬಯಾಪ್ಸಿ ಸೂಜಿಯಷ್ಟು ಸಪೂರವಾದದ್ದು, ವರ್ಷಗಳು ಕಳೆದಂತೆ ಅದರ ಡಿಎನ್‌ಎ ಚೂರಾಗುತ್ತ ಹೋಗುತ್ತದೆ. ಒಲಾಪರಿಬ್ ಔಷಧದ ಪ್ರಸಿದ್ಧ ‘ಪ್ರೊಫೌಂಡ್’ ಪ್ರಯೋಗದಲ್ಲಿ ಗಡ್ಡೆಯ ಮಾದರಿ ಕೊಟ್ಟ 4047 ಮಂದಿಯಲ್ಲಿ 2792 ಮಂದಿಯ ಪರೀಕ್ಷೆ ಮಾತ್ರ ಫಲಿತಾಂಶ ಕೊಟ್ಟಿತು, ಅಂದರೆ ಸುಮಾರು ಮೂರರಲ್ಲಿ ಒಂದು ಮಾದರಿ ವ್ಯರ್ಥವಾಯಿತು. ಆದ್ದರಿಂದ ‘ಪರೀಕ್ಷೆ ವಿಫಲ’ ಎಂದು ಬಂದರೆ ಅದನ್ನು ‘ದೋಷವಿಲ್ಲ’ ಎಂದು ಓದಬೇಡಿ. ಬೇರೆ ಬ್ಲಾಕಿನಿಂದ ಅಥವಾ ಲಿಕ್ವಿಡ್ ಬಯಾಪ್ಸಿಯಿಂದ ಮತ್ತೆ ಪ್ರಯತ್ನಿಸಬಹುದೇ ಎಂದು ಕೇಳಿ.

ಲಿಕ್ವಿಡ್ ಬಯಾಪ್ಸಿಗೆ ಸಮಯ ಮುಖ್ಯ. ಚಿಕಿತ್ಸೆ ಚೆನ್ನಾಗಿ ಕೆಲಸ ಮಾಡಿ ಪಿಎಸ್‌ಎ ಇಳಿದಿರುವಾಗ ರಕ್ತಕ್ಕೆ ಸೇರುವ ಗಡ್ಡೆಯ ಡಿಎನ್‌ಎ ತೀರ ಕಡಿಮೆಯಾಗಿರುತ್ತದೆ. ಆಗ ಬರುವ ‘ನೆಗೆಟಿವ್’ ಉತ್ತರಕ್ಕೆ ಬೆಲೆಯಿಲ್ಲ. ರೋಗ ಮತ್ತೆ ಏರುತ್ತಿರುವಾಗ, ಹೊಸ ಔಷಧ ಶುರುಮಾಡುವ ಮುನ್ನ ರಕ್ತ ಕೊಡುವುದು ಸರಿ. ಇನ್ನೊಂದು ಬಲೆಯೂ ಇದೆ. ವಯಸ್ಸಾದವರ ಎಲುಬಿನ ಮಜ್ಜೆಯಲ್ಲಿ ರಕ್ತಕಣಗಳ ಕೆಲವು ಗುಂಪುಗಳು ತಮ್ಮದೇ ಜೀನ್ ಬದಲಾವಣೆಗಳನ್ನು ಹೊತ್ತು ಬೆಳೆಯುತ್ತವೆ. ಪ್ಲಾಸ್ಮಾದಲ್ಲಿ ಕಂಡ ಎಟಿಎಂ ಅಥವಾ ಚೆಕ್2 ಎಂಬ ದುರಸ್ತಿ ಜೀನ್‌ಗಳ ದೋಷವು ಪ್ರಾಸ್ಟೇಟಿನದ್ದಾಗಿರದೆ ಈ ರಕ್ತಕಣಗಳದ್ದಾಗಿರಬಹುದು, ಮತ್ತು ಅದನ್ನು ನಂಬಿ ಕೊಟ್ಟ ದುಬಾರಿ ಔಷಧ ಗಡ್ಡೆಯ ಮೇಲೆ ಕೆಲಸ ಮಾಡದಿರಬಹುದು. ಬಿಳಿ ಕಣಗಳ ಡಿಎನ್‌ಎಯನ್ನೂ ಜೊತೆಗೇ ಪರೀಕ್ಷಿಸಿದ್ದಾರೆಯೇ ಎಂದು ಕೇಳುವುದು ಇದಕ್ಕೆ ಪರಿಹಾರ.

ವ್ಯತ್ಯಾಸದ ಹೆಸರು ಮತ್ತು ವರ್ಗ

ವರದಿಯ ನಡುವಿನ ಪಟ್ಟಿಯಲ್ಲಿ ‘ಬಿಆರ್‌ಸಿಎ2, ಸಿ.5946ಡೆಲ್‌ಟಿ’ ಎಂಬಂಥ ಬರಹವಿರುತ್ತದೆ. ಬಿಆರ್‌ಸಿಎ2 ಎಂಬ ಜೀನಿನ ಸಂಕೇತಸರಣಿಯ 5946ನೆಯ ಸ್ಥಾನದಲ್ಲಿದ್ದ ಟಿ ಅಕ್ಷರ ಬಿಟ್ಟುಹೋಗಿದೆ ಎಂದು ಅದರ ಅರ್ಥ. ಮೂರು ಮೂರು ಅಕ್ಷರಗಳಾಗಿ ಓದಿಕೊಳ್ಳುವ ಸರಣಿಯಲ್ಲಿ ಒಂದು ಅಕ್ಷರ ಹೋದರೆ ಮುಂದಿನ ಓದೆಲ್ಲ ತಪ್ಪುತ್ತದೆ, ಪ್ರೋಟೀನ್ ಅರ್ಧಕ್ಕೇ ನಿಲ್ಲುತ್ತದೆ. ಅಶ್ಕೆನಾಜಿ ಯಹೂದಿಗಳಲ್ಲಿ ತಲೆಮಾರುಗಳಿಂದ ಬಂದಿರುವ ಹೆಸರಾಂತ ದೋಷವಿದು.

ಅದರ ಪಕ್ಕದ ಅಂಕಣದಲ್ಲಿರುವ ವರ್ಗವೇ ಹೆಚ್ಚು ಮುಖ್ಯ. 2015ರಿಂದ ಬಳಕೆಯಲ್ಲಿರುವ ಕ್ರಮದಂತೆ ಹುಟ್ಟಿನಿಂದ ಬಂದ ವ್ಯತ್ಯಾಸಗಳನ್ನು ಐದು ವರ್ಗಗಳಲ್ಲಿ ಇಡುತ್ತಾರೆ: ರೋಗಕಾರಕ, ಬಹುಶಃ ರೋಗಕಾರಕ, ಅರ್ಥ ಅನಿಶ್ಚಿತ, ಬಹುಶಃ ನಿರುಪದ್ರವಿ, ನಿರುಪದ್ರವಿ. ಮೊದಲ ಎರಡರ ಮೇಲೆ ಮಾತ್ರ ಚಿಕಿತ್ಸೆಯ ನಿರ್ಧಾರ ನಿಲ್ಲಬಹುದು. ಮೂರನೆಯದನ್ನು ವಿಯುಎಸ್ ಎಂದು ಬರೆಯುತ್ತಾರೆ. ಅದು ಇದೆ ಎಂಬ ಕಾರಣಕ್ಕೆ ಔಷಧವನ್ನು ಆಯ್ದುಕೊಳ್ಳುವುದಾಗಲಿ, ಮಗಳಿಗೆ ಶಸ್ತ್ರಚಿಕಿತ್ಸೆ ಮಾಡಿಸುವುದಾಗಲಿ ಸರಿಯಲ್ಲ. ಭಾರತೀಯರ ವರದಿಗಳಲ್ಲಿ ಈ ಅನಿಶ್ಚಿತ ವರ್ಗ ಹೆಚ್ಚಾಗಿ ಕಾಣಲು ಒಂದು ಕಾರಣವಿದೆ. ಹೋಲಿಕೆಗೆ ಬಳಸುವ ದತ್ತಾಂಶದ ಬಹುಪಾಲು ಯುರೋಪಿಯನ್ ಮೂಲದವರದ್ದಾಗಿದ್ದು, ನಮ್ಮಲ್ಲಿ ಸಹಜವಾಗಿರುವ ಎಷ್ಟೋ ವ್ಯತ್ಯಾಸಗಳು ಅಲ್ಲಿ ಅಪರೂಪವೆನಿಸಿ ಸಂಶಯಕ್ಕೆ ಗುರಿಯಾಗುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಸಮನ್ವಯದಲ್ಲಿ ನಡೆದ ಜಿನೋಮ್‌ಇಂಡಿಯಾ ಯೋಜನೆ ಸುಮಾರು 10,000 ಭಾರತೀಯರ ಜಿನೋಮ್‌ಗಳನ್ನು ಓದಿದೆ. ಇಂಥ ದತ್ತಾಂಶ ಬಳಕೆಗೆ ಬಂದಂತೆಲ್ಲ ಹಳೆಯ ವಿಯುಎಸ್‌ಗಳ ವರ್ಗ ಬದಲಾಗುತ್ತ ಹೋಗುತ್ತದೆ. ಆದ್ದರಿಂದ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಪ್ರಯೋಗಾಲಯವನ್ನು ಸಂಪರ್ಕಿಸಿ, ವರ್ಗ ಬದಲಾಗಿದೆಯೇ ಎಂದು ವಿಚಾರಿಸಿ.

ಗಡ್ಡೆಯ ವರದಿಯಲ್ಲಿ ಇನ್ನೊಂದು ಅಂಕಿ ಇರುತ್ತದೆ: ಓದಿದ ಡಿಎನ್‌ಎ ತುಣುಕುಗಳಲ್ಲಿ ಶೇಕಡಾ ಎಷ್ಟರಲ್ಲಿ ಆ ವ್ಯತ್ಯಾಸ ಕಂಡಿತು ಎಂಬುದು. ತಂದೆ ಅಥವಾ ತಾಯಿಯೊಬ್ಬರಿಂದ ಬಂದ ದೋಷ ಸಾಮಾನ್ಯವಾಗಿ 50%ರ ಆಸುಪಾಸಿನಲ್ಲಿರುತ್ತದೆ. ಬಿಆರ್‌ಸಿಎ2ನಂಥ ಜೀನಿನಲ್ಲಿ ಅಂಥ ಅಂಕಿ ಕಂಡರೆ ಹುಟ್ಟಿನಿಂದ ಬಂದದ್ದೇ ಎಂದು ಪತ್ತೆಮಾಡಲು ಪ್ರತ್ಯೇಕ ರಕ್ತಪರೀಕ್ಷೆ ಮಾಡಿಸಲೇಬೇಕು.

ಯಾವ ಜೀನ್ ವೇಗದ ಬಗ್ಗೆ ಏನು ಹೇಳುತ್ತದೆ

ರೋಗದ ಮುನ್ನಡೆಯ ಬಗ್ಗೆ ಅತ್ಯಂತ ಗಟ್ಟಿಯಾದ ಸಾಕ್ಷ್ಯ ಇರುವುದು ಬಿಆರ್‌ಸಿಎ2 ಬಗ್ಗೆ. ಇದರ ಪ್ರೋಟೀನ್, ಡಿಎನ್‌ಎಯ ಎರಡೂ ಎಳೆಗಳು ತುಂಡಾದಾಗ ಅವುಗಳನ್ನು ತಪ್ಪಿಲ್ಲದೆ ಬೆಸೆಯುವ ಕೆಲಸದಲ್ಲಿ ತೊಡಗುತ್ತದೆ. ಹುಟ್ಟಿನಿಂದ ಒಂದು ಪ್ರತಿ ಕೆಟ್ಟಿದ್ದು, ಪ್ರಾಸ್ಟೇಟಿನ ಕೋಶವೊಂದರಲ್ಲಿ ಇನ್ನೊಂದು ಪ್ರತಿಯೂ ಕಳೆದುಹೋದರೆ ಆ ಕೋಶ ಒರಟಾದ ದುರಸ್ತಿಯನ್ನೇ ನೆಚ್ಚಬೇಕಾಗುತ್ತದೆ, ತಪ್ಪುಗಳು ರಾಶಿಬೀಳುತ್ತವೆ, ಆಕ್ರಮಣಕಾರಿ ಸಂತತಿ ಬೇಗ ಹುಟ್ಟುತ್ತದೆ. ಬ್ರಿಟನ್ನಿನ ರೋಗಿಗಳನ್ನು ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಿಆರ್‌ಸಿಎ1 ಅಥವಾ ಬಿಆರ್‌ಸಿಎ2 ದೋಷವುಳ್ಳವರು ಪ್ರಾಸ್ಟೇಟ್ ಕ್ಯಾನ್ಸರಿಗೆ ಬಲಿಯಾಗದೆ ಬದುಕಿದ ಮಧ್ಯಮ ಅವಧಿ 8.6 ವರ್ಷ, ದೋಷವಿಲ್ಲದವರಲ್ಲಿ ಅದು 15.7 ವರ್ಷ. ಈ ಕಾರಣಕ್ಕೆ, ಗ್ಲೀಸನ್ ಅಂಕ 6 ಇರುವ ರೋಗಿಗೆ ಚಿಕಿತ್ಸೆಯಿಲ್ಲದೆ ನಿಗಾದಲ್ಲಿಡುವ ಆಯ್ಕೆಯನ್ನು ವೈದ್ಯರು ಸೂಚಿಸಿದಾಗ, ಅವರಲ್ಲಿ ಬಿಆರ್‌ಸಿಎ2 ದೋಷವಿದ್ದರೆ ನಿಗಾ ಹೆಚ್ಚು ಬಿಗಿಯಾಗಬೇಕೇ, ಅಥವಾ ಚಿಕಿತ್ಸೆಯನ್ನೇ ಆರಂಭಿಸಬೇಕೇ ಎಂದು ಕೇಳುವುದು ಸಮಂಜಸ.

ಎಟಿಎಂ, ಚೆಕ್2, ಪಾಲ್ಬಿ2 ಜೀನ್‌ಗಳೂ ಇದೇ ದುರಸ್ತಿ ವ್ಯವಸ್ಥೆಗೆ ಸೇರಿದವು. ಆದರೆ ಅವುಗಳ ಪರಿಣಾಮ ಬಿಆರ್‌ಸಿಎ2ನಷ್ಟು ತೀವ್ರವೂ ಅಲ್ಲ, ಅಷ್ಟು ಖಚಿತವೂ ಅಲ್ಲ. ಹಾಕ್ಸ್‌ಬಿ13 ಎಂಬ ಜೀನಿನ ಜಿ84ಇ ವ್ಯತ್ಯಾಸ 2012ರಲ್ಲಿ ದೊಡ್ಡ ಸುದ್ದಿಯಾಯಿತು. ಅದು ರೋಗ ಬರುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ ನಿಜ, ಆದರೆ ಮುಖ್ಯವಾಗಿ ಉತ್ತರ ಯುರೋಪಿನ ಮೂಲದವರಲ್ಲಿ ಕಾಣುವಂಥದ್ದು.

ಗಡ್ಡೆಯಲ್ಲಿ ಉಂಟಾಗುವ ಬದಲಾವಣೆಗಳ ಕಥೆ ಬೇರೆ. ಟಿಎಂಪಿಆರ್‌ಎಸ್‌ಎಸ್2 ಮತ್ತು ಇಆರ್‌ಜಿ ಎಂಬ ಎರಡು ಜೀನ್‌ಗಳು ಬೆಸೆದುಕೊಳ್ಳುವುದು 2005ರಲ್ಲಿ ಪತ್ತೆಯಾಯಿತು. ಯುರೋಪಿಯನ್ ಮೂಲದವರ ಗಡ್ಡೆಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಇದು ಕಾಣುತ್ತದೆ, ಏಷ್ಯಾದವರಲ್ಲಿ ಕಡಿಮೆ. ವರದಿಯಲ್ಲಿ ಎದ್ದು ಕಾಣುವ ಈ ಬೆಸುಗೆ ರೋಗದ ವೇಗದ ಬಗ್ಗೆ ಹೆಚ್ಚೇನೂ ಹೇಳದು. ವೇಗಕ್ಕಾಗಿ ನೋಡಬೇಕಾದದ್ದು ಟಿಪಿ53, ಪಿಟೆನ್, ಆರ್‌ಬಿ1 ಎಂಬ, ಗಡ್ಡೆ ಬೆಳೆಯದಂತೆ ತಡೆಯುವ ಮೂರು ಜೀನ್‌ಗಳನ್ನು. 2015ರಲ್ಲಿ ಪ್ರಕಟವಾದ, ಹಾರ್ಮೋನ್ ಚಿಕಿತ್ಸೆಗೆ ಬಗ್ಗದೆ ಹರಡಿದ 150 ಗಡ್ಡೆಗಳ ಅಧ್ಯಯನದಲ್ಲಿ ಟಿಪಿ53 ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿಯೂ ಪಿಟೆನ್ ಸುಮಾರು 40%ರಲ್ಲಿಯೂ ಕೆಟ್ಟಿತ್ತು. ಈ ಮೂರರಲ್ಲಿ ಎರಡು ಅಥವಾ ಮೂರೂ ಒಟ್ಟಿಗೆ ಕಳೆದುಹೋಗಿದ್ದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಅಂಥ ಗಡ್ಡೆಗಳಲ್ಲಿ ಕೆಲವು ತಮ್ಮ ಮೂಲ ಸ್ವಭಾವವನ್ನೇ ಬಿಟ್ಟು ನರ ಮತ್ತು ಹಾರ್ಮೋನ್ ಕೋಶಗಳನ್ನು ಹೋಲುವ ನ್ಯೂರೋಎಂಡೋಕ್ರೈನ್ ರೂಪಕ್ಕೆ ತಿರುಗುತ್ತವೆ. ಆಗ ಗಡ್ಡೆ ಪಿಎಸ್‌ಎ ತಯಾರಿಸುವುದನ್ನೇ ಕಡಿಮೆಮಾಡುತ್ತದೆ, ಯಕೃತ್ತಿಗೆ ಹರಡುತ್ತದೆ. ಪಿಎಸ್‌ಎ ಇಳಿದಿದೆ ಎಂದು ಮನೆಯವರು ನೆಮ್ಮದಿಯಿಂದಿರುವಾಗಲೇ ರೋಗಿ ಸೊರಗುತ್ತಿದ್ದರೆ, ಸ್ಕ್ಯಾನ್ ಮತ್ತು ಹೊಸ ಬಯಾಪ್ಸಿಯ ಬಗ್ಗೆ ತಡಮಾಡದೆ ಕೇಳಿ.

ಇನ್ನು ಆಂಡ್ರೋಜೆನ್ ರಿಸೆಪ್ಟರ್, ಅಂದರೆ ಎಆರ್: ಗಂಡಸಿನ ಹಾರ್ಮೋನನ್ನು ಹಿಡಿದು ಕೋಶಕ್ಕೆ ಬೆಳೆಯುವ ಸೂಚನೆ ಕೊಡುವ ಪ್ರೋಟೀನ್. ಗಂಡಸಿನ ಹಾರ್ಮೋನನ್ನು ತಡೆದರೆ ಪ್ರಾಸ್ಟೇಟ್ ಕ್ಯಾನ್ಸರ್ ಕುಗ್ಗುತ್ತದೆ ಎಂದು ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿಕೊಟ್ಟರು. 1966ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಇಂದಿಗೂ ಹರಡಿದ ರೋಗದ ಚಿಕಿತ್ಸೆಯ ಬುನಾದಿ ಅದೇ. ಆದರೆ ಹಾರ್ಮೋನಿಲ್ಲದ ದೇಹದಲ್ಲಿ ಬದುಕಿ ಉಳಿಯುವ ಕೋಶಗಳು ಎಆರ್ ಜೀನಿನ ಪ್ರತಿಗಳನ್ನು ಹೆಚ್ಚಿಸಿಕೊಳ್ಳುತ್ತವೆ, ಇಲ್ಲವೇ ಆ ರಿಸೆಪ್ಟರಿನ ಆಕಾರವನ್ನೇ ಬದಲಿಸಿಕೊಳ್ಳುತ್ತವೆ. ಬೀಗದೊಳಗಿನ ಒಂದು ಹಲ್ಲು ಸವೆದಾಗ ಬೇರೆ ಕೀಲಿಯೂ ತಿರುಗುವಂತೆ, ಟಿ878ಎ ಎಂಬ ಬದಲಾವಣೆಯಾದ ರಿಸೆಪ್ಟರನ್ನು ಪ್ರೊಜೆಸ್ಟರಾನ್ ಕೂಡ ಚಾಲೂ ಮಾಡಬಲ್ಲದು; ಎಲ್702ಎಚ್ ಆದದ್ದನ್ನು ಕಾರ್ಟಿಸಾಲ್, ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡುಗಳು ಪ್ರಚೋದಿಸುತ್ತವೆ; ಡಬ್ಲ್ಯು742 ಸ್ಥಾನದ ಬದಲಾವಣೆಯಿದ್ದರೆ ತಡೆಯಬೇಕಾದ ಬೈಕಾಲುಟಮೈಡ್ ಮಾತ್ರೆಯೇ ರಿಸೆಪ್ಟರನ್ನು ಎಬ್ಬಿಸುತ್ತದೆ. ಕೆಲವು ರೋಗಿಗಳಲ್ಲಿ ಬೈಕಾಲುಟಮೈಡನ್ನು ನಿಲ್ಲಿಸಿದ ಮೇಲೆ ಪಿಎಸ್‌ಎ ಇಳಿಯಲು ಇದೂ ಒಂದು ಕಾರಣ. ಗಂಡಸಿನ ಹಾರ್ಮೋನಿನ ತಯಾರಿಕೆಯನ್ನು ತಡೆಯುವ ಅಬಿರಟೆರೋನ್ ಔಷಧದ ಜೊತೆ ಪ್ರೆಡ್ನಿಸೊಲೋನನ್ನು ಕೊಡುವುದು ರೂಢಿಯಾದ್ದರಿಂದ ವರದಿಯಲ್ಲಿ ಎಲ್702ಎಚ್ ಕಂಡರೆ ಅದನ್ನು ವೈದ್ಯರ ಗಮನಕ್ಕೆ ತನ್ನಿ. ಆದರೆ ಸ್ಟೀರಾಯ್ಡನ್ನು ನೀವಾಗಿಯೇ ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸುವುದು ಪ್ರಾಣಾಪಾಯಕ್ಕೆ ದಾರಿಯಾಗಬಹುದು.

ಇಲ್ಲೊಂದು ಉಪಯುಕ್ತ ವಿವೇಚನೆ ಇದೆ. ಎಆರ್ ಬದಲಾವಣೆಗಳು ಚಿಕಿತ್ಸೆಯ ಒತ್ತಡದಿಂದ ಹುಟ್ಟುವಂಥವು, ಆರಂಭದ ಗಡ್ಡೆಯಲ್ಲಿ ಅವು ಇರುವುದೇ ಅಪರೂಪ. ಆದ್ದರಿಂದ ಅವುಗಳನ್ನು ಹುಡುಕಲು ಆರು ವರ್ಷ ಹಳೆಯ ಬ್ಲಾಕಿನಿಂದ ಪ್ರಯೋಜನವಿಲ್ಲ, ಇಂದಿನ ರಕ್ತ ಅಥವಾ ಇಂದಿನ ಬಯಾಪ್ಸಿ ಬೇಕು. ಬಿಆರ್‌ಸಿಎ2 ದೋಷವಾದರೋ ಸಾಮಾನ್ಯವಾಗಿ ಆರಂಭದಿಂದಲೇ ಇರುವುದರಿಂದ, ಡಿಎನ್‌ಎ ಹಾಳಾಗಿಲ್ಲದಿದ್ದರೆ ಹಳೆಯ ಬ್ಲಾಕೂ ಸಾಕು.

ಔಷಧದೊಂದಿಗೆ ಹೊಂದಿಸುವುದು

ದುರಸ್ತಿಯ ಒಂದು ದಾರಿ ಮುಚ್ಚಿದ ಕೋಶ ಪಾರ್ಪ್ ಎಂಬ ಕಿಣ್ವವನ್ನು ಹೆಚ್ಚು ನೆಚ್ಚಿರುತ್ತದೆ. ಅದನ್ನೂ ತಡೆದರೆ ಕೋಶ ಸಾಯುತ್ತದೆ ಎಂಬ ತತ್ತ್ವದ ಮೇಲೆ ಒಲಾಪರಿಬ್‌ನಂಥ ಔಷಧಗಳು ಬಂದಿವೆ. ಪ್ರೊಫೌಂಡ್ ಪ್ರಯೋಗದಲ್ಲಿ ಬಿಆರ್‌ಸಿಎ1, ಬಿಆರ್‌ಸಿಎ2 ಅಥವಾ ಎಟಿಎಂ ದೋಷವುಳ್ಳವರಲ್ಲಿ ಸ್ಕ್ಯಾನಿನಲ್ಲಿ ರೋಗ ಮುಂದುವರಿಯುವವರೆಗಿನ ಮಧ್ಯಮ ಅವಧಿ 3.6 ತಿಂಗಳಿಂದ 7.4 ತಿಂಗಳಿಗೆ ಏರಿತು. ಆ ಲಾಭದ ಹೆಚ್ಚಿನ ಪಾಲು ಬಿಆರ್‌ಸಿಎ ದೋಷವಿದ್ದವರದ್ದು. ಎಟಿಎಂ ದೋಷ ಮಾತ್ರ ಇದ್ದವರಿಗೆ ಸಿಕ್ಕಿದ್ದು ಕಡಿಮೆ. ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ 2020ರಲ್ಲಿ ಹಲವು ದುರಸ್ತಿ ಜೀನ್‌ಗಳ ದೋಷಕ್ಕೂ ಇದನ್ನು ಒಪ್ಪಿಕೊಂಡರೆ, ಯುರೋಪಿನ ನಿಯಂತ್ರಕರು ಅದೇ ವರ್ಷ ಬಿಆರ್‌ಸಿಎ1 ಮತ್ತು ಬಿಆರ್‌ಸಿಎ2ಕ್ಕೆ ಮಾತ್ರ ಒಪ್ಪಿಗೆ ಕೊಟ್ಟರು. ಯುರೋಪಿನ ಎಚ್ಚರಿಕೆಯೇ ನನಗೆ ಹೆಚ್ಚು ಸರಿಯೆನಿಸುತ್ತದೆ, ಅದರಲ್ಲೂ ಔಷಧದ ಖರ್ಚನ್ನು ಕೈಯಿಂದಲೇ ಭರಿಸಬೇಕಾದ ಮನೆಗಳ ದೃಷ್ಟಿಯಿಂದ. ಆದ್ದರಿಂದ ‘ದುರಸ್ತಿ ಜೀನ್ ಪಾಸಿಟಿವ್’ ಎಂದಾಗ ಯಾವ ಜೀನ್, ಒಂದು ಪ್ರತಿ ಕೆಟ್ಟಿದೆಯೋ ಎರಡೂ ಹೋಗಿವೆಯೋ ಎಂದು ಕೇಳಿ.

ಡಿಎನ್‌ಎ ನಕಲಾಗುವಾಗಿನ ತಪ್ಪುಗಳನ್ನು ತಿದ್ದುವ ಎಂಎಸ್‌ಎಚ್2ನಂಥ ಜೀನ್‌ಗಳು ಕೆಟ್ಟು, ಗಡ್ಡೆಯಲ್ಲಿ ಅಂಥ ತಪ್ಪುಗಳು ರಾಶಿಬಿದ್ದಿವೆ ಎಂಬರ್ಥದ ‘ಎಂಎಸ್‌ಐ-ಹೈ’ ಎಂದು ವರದಿಯಲ್ಲಿ ಬರೆದಿದ್ದರೆ, ಅಂಥವರು ಸುಮಾರು 3% ಮಾತ್ರ, ಪೆಂಬ್ರೊಲಿಜುಮ್ಯಾಬ್ ಎಂಬ ರೋಗನಿರೋಧಕ ಚಿಕಿತ್ಸೆಯ ದಾರಿ ತೆರೆಯುತ್ತದೆ. ಕರುಳಿನ ಕ್ಯಾನ್ಸರಿಗೆ ಕಾರಣವಾಗುವ ಲಿಂಚ್ ಸಿಂಡ್ರೋಮ್ ಮನೆತನದಲ್ಲಿದೆಯೇ ಎಂದೂ ಆಗ ನೋಡಬೇಕು.

ಮಾರುಕಟ್ಟೆಯಲ್ಲಿ ಸಿಗುವ ಪಾಲಿಜೆನಿಕ್ ಅಪಾಯ ಅಂಕಗಳ ಬಗ್ಗೆ ಒಂದು ಮಾತು. ನೂರಾರು ಸಣ್ಣ ವ್ಯತ್ಯಾಸಗಳನ್ನು ಕೂಡಿಸಿ ಲೆಕ್ಕ ಹಾಕುವ ಈ ಅಂಕ ರೋಗ ಬರುವ ಸಾಧ್ಯತೆಯನ್ನು ಹೇಳುತ್ತದೆಯೇ ಹೊರತು, ಬಂದ ರೋಗ ಮೆಲ್ಲನೆಯದೋ ವೇಗದ್ದೋ ಎಂದು ಬೇರ್ಪಡಿಸಿ ಹೇಳುವುದಿಲ್ಲ. ಈಗಾಗಲೇ ರೋಗವಿರುವವರು ಇದಕ್ಕೆ ಹಣ ಸುರಿಯಬೇಕಾಗಿಲ್ಲ.

ಮನೆಯವರಿಗೆ ತಿಳಿಸುವುದು

ಹುಟ್ಟಿನಿಂದ ಬಂದ ರೋಗಕಾರಕ ದೋಷ ಖಚಿತವಾದರೆ ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಅದು ದಾಟಿರುವ ಸಾಧ್ಯತೆ ಅರ್ಧದಷ್ಟು. ಒಡಹುಟ್ಟಿದವರಿಗೂ ಸಾಮಾನ್ಯವಾಗಿ ಅಷ್ಟೇ. ಅವರಿಗೆ ದುಬಾರಿಯಾದ ಪೂರ್ಣ ಪರೀಕ್ಷೆ ಬೇಕಿಲ್ಲ. ರೋಗಿಯ ವರದಿಯ ಪ್ರತಿಯನ್ನು ಕೊಟ್ಟರೆ ಪ್ರಯೋಗಾಲಯ ಆ ಒಂದೇ ಸ್ಥಾನವನ್ನು ನೋಡಿ ಹೇಳುತ್ತದೆ. ಬಿಆರ್‌ಸಿಎ2 ದೋಷವಿರುವ ಗಂಡಸರಲ್ಲಿ 75ರ ವಯಸ್ಸಿನೊಳಗೆ ಪ್ರಾಸ್ಟೇಟ್ ಕ್ಯಾನ್ಸರ್ ಬರುವ ಸಾಧ್ಯತೆ ಸುಮಾರು 27% ಎಂದು ಬ್ರಿಟನ್ ಮತ್ತು ಐರ್ಲೆಂಡಿನ ಕುಟುಂಬಗಳ ಅಧ್ಯಯನ ಹೇಳಿದೆ. 40ರಿಂದ 69ರ ವಯಸ್ಸಿನವರಲ್ಲಿ ವರ್ಷಕ್ಕೊಮ್ಮೆ ಪಿಎಸ್‌ಎ ನೋಡಿ, ಮಿಲಿಲೀಟರಿಗೆ 3 ನ್ಯಾನೋಗ್ರಾಂ ದಾಟಿದರೆ ಬಯಾಪ್ಸಿ ಮಾಡಿದ ‘ಇಂಪ್ಯಾಕ್ಟ್’ ಅಧ್ಯಯನದಲ್ಲಿ, ಬಿಆರ್‌ಸಿಎ2 ದೋಷವಿದ್ದವರಿಗೆ ರೋಗ ಕಿರಿಯ ವಯಸ್ಸಿನಲ್ಲೂ ಹೆಚ್ಚು ಗಂಭೀರ ರೂಪದಲ್ಲೂ ಕಂಡಿತು. ದೋಷವಿರುವ ಮಗನಿಗೆ ನಲವತ್ತರಿಂದ ವಾರ್ಷಿಕ ಪಿಎಸ್‌ಎ ಮಾಡಿಸಬೇಕೆಂಬ ಸಲಹೆಗೆ ಇಂಥ ಆಧಾರವಿದೆ. ದೋಷವಿರುವ ಮಗಳು ಮತ್ತು ಸೋದರಿಯರಿಗೆ ಸ್ತನ ಕ್ಯಾನ್ಸರಿನ ಅಪಾಯ ಇದಕ್ಕಿಂತ ಹೆಚ್ಚಿನದು, ಅಂಡಾಶಯದ ಕ್ಯಾನ್ಸರಿನ ಅಪಾಯವೂ ಇರುತ್ತದೆ. ಅವರನ್ನು ಮೊದಲು ತಲುಪಿ.

ಕರ್ನಾಟಕದಲ್ಲಿ ಸೋದರಮಾವನೊಂದಿಗೋ ಅತ್ತೆ-ಮಾವನ ಮಕ್ಕಳೊಂದಿಗೋ ಮದುವೆಯಾಗಿರುವ ಕುಟುಂಬಗಳು ಇನ್ನೂ ಇರುವುದರಿಂದ ಒಂದು ವಿಷಯವನ್ನು ಆಪ್ತಸಮಾಲೋಚಕರಿಗೆ ತಪ್ಪದೆ ತಿಳಿಸಬೇಕು. ಗಂಡ ಹೆಂಡತಿ ಇಬ್ಬರಲ್ಲೂ ಬಿಆರ್‌ಸಿಎ2 ದೋಷವಿದ್ದರೆ, ಎರಡೂ ಕೆಟ್ಟ ಪ್ರತಿಗಳನ್ನು ಪಡೆಯುವ ಸಾಧ್ಯತೆ ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದು ಪಾಲು. ಹಾಗೆ ಹುಟ್ಟಿದ ಮಗುವಿಗೆ ಫ್ಯಾಂಕೋನಿ ಅನೀಮಿಯಾ ಎಂಬ ತೀವ್ರ ಕಾಯಿಲೆ ಬರುತ್ತದೆ. ಮಗುವಿನ ಯೋಚನೆಯಲ್ಲಿರುವ ದಂಪತಿಗಳು ಮೊದಲೇ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಹದಿನೆಂಟು ತುಂಬದ ಮಕ್ಕಳಿಗೆ ಮಾತ್ರ ಬಿಆರ್‌ಸಿಎ ಪರೀಕ್ಷೆಯನ್ನು ಸಾಮಾನ್ಯವಾಗಿ ಮಾಡಿಸುವುದಿಲ್ಲ. ಆ ವಯಸ್ಸಿನಲ್ಲಿ ಫಲಿತಾಂಶದಿಂದ ಬದಲಾಗುವುದೇನೂ ಇರುವುದಿಲ್ಲ, ಅಲ್ಲದೆ ತಿಳಿದುಕೊಳ್ಳಬೇಕೋ ಬೇಡವೋ ಎಂಬ ತೀರ್ಮಾನ ದೊಡ್ಡವರಾದ ಮೇಲೆ ಅವರೇ ಮಾಡಬೇಕಾದದ್ದು. ವರದಿಯ ಒಂದು ಪ್ರತಿಯನ್ನು ಆಗ ಅವರ ಕೈಗೆ ಸಿಗುವಂತೆ ಕಾದಿರಿಸಿ.